ನಾಯಿಗೆ ಹಾಕಿದ್ಯೇನೆ?

(ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ನಡೆಯುವ ತಿಂಗಳ ಉಪನ್ಯಾಸದಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೊತ್ತು ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಸಭೆಗೆ ನಮಸ್ಕಾರ.

ನಾಯಿಯನ್ನು ಕುರಿತು ಮಾತಾಡಬೇಕೆಂದು ಸಂಘಟಕರು ಹೇಳಿ ಕಳುಹಿಸಿದಾಗ, ಧರ್ಮರಾಯನ ಬೆನ್ನು ಹತ್ತಿ ಹೋದ ನಾಯಿಯಿಂದ ಆರಂಭಿಸಿ ನಿಯತ್ತಿನ ಕಥೆಗಳನ್ನು ಹೇಳುತ್ತೇನೆಂದು ಅವರು ಎಣಿಸಿದ್ದಿರಬಹುದು. ಆ ಕಥೆಗಳ ಮೇಲೆ ನನಗೆ ಗೌರವವಿದೆ. ಆದರೆ ನಾನು ಹತ್ತಿರದಿಂದ ಬಲ್ಲದ್ದು, ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಕೂರುವ, ದೋಸೆಯ ಕಾವಲಿ ಚುಂಯ್ ಎಂದ ಕೂಡಲೇ ಬಾಲದಿಂದ ನೆಲ ಗುಡಿಸುವ ಒಂದು ಊರನಾಯಿಯನ್ನು. ಅದರ ಹೆಸರು ಕೆಂಚ. ಅದು ನಮ್ಮ ಮನೆಗೆ ಬಂದು 11 ವರ್ಷಗಳಾದವು. ಈ 11 ವರ್ಷಗಳಲ್ಲಿ ಅದು ಯಾರ ಪ್ರಾಣವನ್ನೂ ಉಳಿಸಿಲ್ಲ, ಕಳ್ಳರನ್ನೂ ಹಿಡಿದಿಲ್ಲ. ಹಾಗಿದ್ದೂ ನಮ್ಮ ಮನೆಯ ದಿನ ಶುರುವಾಗುವುದೂ ಮುಗಿಯುವುದೂ ಅದರ ಹೊತ್ತಿಗೆ ಸರಿಯಾಗಿ. ಆ ಹೊತ್ತಿನ ಕುರಿತೇ ನಾನು ಇವತ್ತು ಮಾತಾಡಬೇಕೆಂದಿದ್ದೇನೆ.

ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ. ಕೊನೆ ಕೊಯ್ಯಲು ಬರುವವರೊಬ್ಬರು ಒಂದು ದಿನ ಅಡಿಕೆ ಚೀಲದಲ್ಲಿ ಈ ಮರಿಯನ್ನು ಹಾಕಿಕೊಂಡು ಬಂದು, "ಅಮ್ಮಾ, ಇದರ ತಾಯಿ ಸತ್ತುಹೋಯ್ತು, ನೀವು ಇಟ್ಕೊಳ್ಳಿ" ಎಂದು ಜಗುಲಿಯ ಮೇಲೆ ಬಿಟ್ಟರು. ತಾಯಿಯಿಂದ ಅಗಲಿಸಲು ಮರಿಗೆ ಎಂಟು ವಾರವಾದರೂ ತುಂಬಿರಬೇಕೆಂದು ತಿಳಿದವರು ಹೇಳುತ್ತಾರೆ. ಇದಕ್ಕೆ ಐದು ವಾರವೂ ಆಗಿರಲಿಲ್ಲ. ರಾತ್ರಿಯಿಡೀ ಕುಂಯ್ಗುಟ್ಟುತ್ತಿತ್ತು. ಮಡಿ ಮೈಲಿಗೆಯಲ್ಲಿ ಬಹಳ ಕಟ್ಟುನಿಟ್ಟಿನವರಾದ ನಮ್ಮ ಅತ್ತೆ ಮೊದಲ ದಿನವೇ, "ಸಾಕುವುದಾದರೆ ಸಾಕಿ, ಹೊಸ್ತಿಲು ದಾಟಿ ಒಳಗೆ ಬರಕೂಡದು" ಎಂದು ಹೇಳಿಬಿಟ್ಟರು. ಹಾಗೆ ಹೇಳಿದವರೇ ಆ ರಾತ್ರಿ ಎದ್ದು, ತಮ್ಮ ಹಳೆಯ ಹತ್ತಿಸೀರೆಯೊಂದನ್ನು ಮಡಿಚಿ ಬಚ್ಚಲ ಒಲೆಯ ಬದಿಯಲ್ಲಿ ಹಾಸಿ ಬಂದದ್ದನ್ನು ನಾನು ನೋಡಿದ್ದೇನೆ. ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಬಚ್ಚಲ ಒಲೆಯ ಬೂದಿಗಿಂತ ಬೆಚ್ಚನೆಯ ಜಾಗ ನಾಯಿಗೆ ಬೇರೊಂದಿಲ್ಲ. ಮಳೆಗಾಲದ ಬೆಳಿಗ್ಗೆ ನೀರು ಕಾಯಿಸಲು ಹೋದರೆ, ಮೈತುಂಬ ಬೂದಿ ಬಳಿದುಕೊಂಡ ಕೆಂಚ ಎದ್ದು, ಮುಂಗಾಲು ಚಾಚಿ ಮೈಮುರಿದು, ಒಮ್ಮೆ ಮೈ ಕೊಡವಿ ಇಡೀ ಬಚ್ಚಲನ್ನು ಬೂದಿಯ ಮೋಡ ಮಾಡಿ ಹೊರಗೆ ಹೋಗುವುದನ್ನು ನೋಡುವುದೇ ನನಗೆ ದಿನದ ಮೊದಲ ಸಂತೋಷ.

"ಯಾವ ಜಾತಿಯ ನಾಯಿ?" ಎಂದು ಮನೆಗೆ ಬಂದವರು ಕೇಳುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಹೆಸರು ನಮ್ಮೆಲ್ಲರಿಗೂ ಗೊತ್ತು. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ತಂದಿತು. ಅದು ನಾಡಿಗೆ ಹೆಮ್ಮೆಯ ಮಾತು. ಆದರೆ ನಮ್ಮ ಹಳ್ಳಿಗಳ ಜಗುಲಿ ಕಾಯುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಜಾತಿಯ ಹೆಸರಿಲ್ಲ. ಕೆಂಬಣ್ಣ, ಕೊಡೆಯಂತೆ ನಿಂತ ಕಿವಿ, ಮೇಲಕ್ಕೆ ಸುರುಳಿ ಸುತ್ತಿದ ಬಾಲ, ಈ ಮಳೆಯನ್ನೂ ಈ ಸೆಕೆಯನ್ನೂ ತಡೆದುಕೊಳ್ಳುವ ಮೈಕಟ್ಟು. ಊರನಾಯಿ ಎಂದು ಹೇಳುವಾಗ ದನಿ ತಗ್ಗಿಸಬೇಕಾದ ಕಾರಣ ನನಗಂತೂ ಕಾಣುವುದಿಲ್ಲ.

ಇನ್ನು ಊಟದ ವಿಷಯ. ಅತ್ತೆ ಮಧ್ಯಾಹ್ನ ಬಾಳೆಯ ಮುಂದೆ ಕೂತು, ಕೈಯಲ್ಲಿ ನೀರು ತೆಗೆದುಕೊಳ್ಳುವ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ: "ನಾಯಿಗೆ ಹಾಕಿದ್ಯೇನೆ?" ನಾನು "ಹಾಕಿದೆ ಅತ್ತೆ" ಎನ್ನಬೇಕು. "ಇಲ್ಲ" ಎಂದರೆ ಹಾಕಿ ಬರುವ ತನಕ ಅವರು ತುತ್ತು ಎತ್ತುವುದಿಲ್ಲ. ಮೊದಮೊದಲು ಇದು ನನಗೆ ಕಿರಿಕಿರಿಯಾಗುತ್ತಿತ್ತೆಂದು ಹೇಳಿದರೆ ತಪ್ಪಾಗದು. ಮನೆ ತುಂಬ ನೆಂಟರಿದ್ದು, ಸಾರು ಒಲೆಯ ಮೇಲೆ ಉಕ್ಕುತ್ತಿರುವ ಹಬ್ಬದ ದಿನವೂ ಆ ಪ್ರಶ್ನೆ ತಪ್ಪುತ್ತಿರಲಿಲ್ಲ. ಈ ಪ್ರಶ್ನೆಯ ಬೇರು ಎಷ್ಟು ಆಳದಲ್ಲಿರಬಹುದೆಂದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ, ಒಂದು ಕಲ್ಲಿನ ಮುಂದೆ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಶಾಸನ ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿ ಗೆದ್ದ ಯುದ್ಧದ ಸಂಗತಿ ಅದರಲ್ಲಿರುವುದರಿಂದ ಇತಿಹಾಸಕಾರರಿಗೆ ಅದು ಬಹಳ ಬೆಲೆಯುಳ್ಳ ಕಲ್ಲು. ಆದರೆ ಕಲ್ಲಿನ ಮೇಲುಭಾಗದಲ್ಲಿ ಕೆತ್ತಿರುವುದು ರಾಜನನ್ನೂ ಅಲ್ಲ, ಆನೆಯನ್ನೂ ಅಲ್ಲ, ಕಾಡುಹಂದಿಯ ಮೇಲೆ ಬಿದ್ದಿರುವ ಒಂದು ನಾಯಿಯನ್ನು. ಬೂತುಗನ ಆಳು ಮಣಲೇರನೆಂಬ ವೀರ ಯುದ್ಧದಲ್ಲಿ ಮೆರೆದಾಗ, ಒಡೆಯ ಮೆಚ್ಚಿ ಬೇಡಿದ್ದನ್ನು ಕೊಡುತ್ತೇನೆಂದನಂತೆ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಜೊತೆಯಲ್ಲೇ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟರು.

ಇಷ್ಟನ್ನು ಅನೇಕರು ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಮಾತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದರೆ ಅವನಿಗೆ ಪಾಪ ತಟ್ಟುತ್ತದೆಂದು ಶಾಸನ ಹೇಳುತ್ತದೆ. ಯುದ್ಧ ಗೆದ್ದ ಸೈನ್ಯಗಳ ನಡುವೆ, ಸತ್ತ ನಾಯಿಯ ನೆನಪನ್ನು ಉಳಿಸಲು ಆ ಕಾಲದವರಿಗೆ ಹೊಳೆದ ಉಪಾಯ ಇದು: ಒಬ್ಬ ಮನುಷ್ಯ ದಿನಾಲೂ ಉಣ್ಣುವ ಮುನ್ನ ಅದನ್ನು ನೆನೆಯಬೇಕು. ಗಾಜಿನ ಕಿಟಕಿಯಿಂದ ಬೀಳುತ್ತಿದ್ದ ಬೆಳಕಿನಲ್ಲಿ ಆ ಅಕ್ಷರಗಳ ಮುಂದೆ ನಿಂತಾಗ ನನಗೆ ನಮ್ಮ ಅತ್ತೆಯ ದನಿಯೇ ಕೇಳಿಸಿತು. ಅಂದಿನಿಂದ ಆ ಪ್ರಶ್ನೆಗೆ ನಾನು ಬೇಸರಪಟ್ಟಿಲ್ಲ.

ಹಾಕುವುದು ಎಷ್ಟು ಮುಖ್ಯವೋ ಏನನ್ನು ಹಾಕುತ್ತೇವೆಂಬುದೂ ಅಷ್ಟೇ ಮುಖ್ಯ. ನಾವು ವರ್ಷಗಟ್ಟಲೆ ಅನ್ನ ಮಜ್ಜಿಗೆಯನ್ನೇ ಹಾಕುತ್ತಿದ್ದೆವು. ಕೆಂಚನ ರೋಮ ಉದುರಿ, ಪಕ್ಕೆಯ ಎಲುಬು ಕಾಣತೊಡಗಿದಾಗ ಪಶುವೈದ್ಯರು, ಬರೀ ಅನ್ನದಿಂದ ನಾಯಿಯ ಮೈ ನಿಲ್ಲುವುದಿಲ್ಲ, ಮೊಟ್ಟೆಯಾದರೂ ಕೊಡಿ ಎಂದರು. ನಮ್ಮ ಅಡಿಗೆಮನೆಯಲ್ಲಿ ಮೊಟ್ಟೆ ಬೇಯುವುದಿಲ್ಲ. ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬರು ತಮ್ಮ ಮನೆಯಲ್ಲಿ ಬೇಯಿಸಿ ತಂದು ಕೊಡಲು ಒಪ್ಪಿಕೊಂಡರು; ಈಗ ಅವರ ದನಿ ಗದ್ದೆಬಯಲಿನಲ್ಲಿ ಕೇಳಿದರೆ ಸಾಕು, ಕೆಂಚ ನಮ್ಮನ್ನೆಲ್ಲ ಬಿಟ್ಟು ದಣಪೆಯ ಹತ್ತಿರ ಹೋಗಿ ನಿಲ್ಲುತ್ತದೆ. ಹುಳಿ, ಪಲ್ಯ ಮಿಕ್ಕಿತೆಂದು ನಾಯಿಗೆ ಸುರಿಯುವ ಅಭ್ಯಾಸವನ್ನೂ ಬಿಡಬೇಕಾಯಿತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ಅಪಾಯ, ಚಾಕೊಲೇಟ್ ಅದಕ್ಕೆ ವಿಷ. ಹಬ್ಬದ ದಿನ ಉಳಿದ ಪಾಯಸವನ್ನು ಅಕ್ಕರೆಯಿಂದ ನಾಯಿಯ ತಟ್ಟೆಗೆ ಹಾಕುವವರು ಈ ಮಾತನ್ನು ದಯವಿಟ್ಟು ನೆನಪಿಡಬೇಕು.

ಸಣ್ಣಪುಟ್ಟ ಅನಾಹುತಗಳ ಲೆಕ್ಕ ಹೇಳಿದರೆ ಸಂಜೆಯಾದೀತು. ಮರಿಯಾಗಿದ್ದಾಗ ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರ ಒಂದು ಕಾಲಿನ ಚಪ್ಪಲಿಯನ್ನು ಒಯ್ದು ಬಾಳೆಯ ಬುಡದಲ್ಲಿ ಹೂತಿಟ್ಟದ್ದು, ಮೂರು ದಿನದ ಮೇಲೆ ಗೊಬ್ಬರ ಹಾಕುವಾಗ ಸಿಕ್ಕಿತು. ಒಂದು ಏಪ್ರಿಲ್‌ನಲ್ಲಿ ಅತ್ತೆ, ನಾನು, ನನ್ನ ನಾದಿನಿ ಸೇರಿ ದಿನವೆಲ್ಲ ಹಲಸಿನ ಹಪ್ಪಳ ತಟ್ಟಿ, ಅಂಗಳದಲ್ಲಿ ಚಾಪೆ ಹಾಸಿ ಒಣಗಲು ಹರಡಿ, ಮಂಗ ಬಂದರೆ ಓಡಿಸಲೆಂದು ಕೆಂಚನನ್ನು ಪಕ್ಕದಲ್ಲಿ ಕೂರಿಸಿದ್ದೆವು. ಮಂಗಗಳು ಬಂದವು. ಕೆಂಚ ಒಂದು ಕ್ಷಣವೂ ತಡಮಾಡದೆ ಅವುಗಳ ಮೇಲೆ ನುಗ್ಗಿತು. ಹತ್ತಿರದ ದಾರಿ ಚಾಪೆಯ ಮೇಲಿಂದಲೇ ಇತ್ತು. ನಾವು ಬಂದು ನೋಡಿದಾಗ ಒಂದು ಹಪ್ಪಳವನ್ನೂ ಮಂಗ ಮುಟ್ಟಿರಲಿಲ್ಲ, ಸುಮಾರು ನಲವತ್ತು ಹಪ್ಪಳಗಳ ಮೇಲೆ ಸ್ಪಷ್ಟವಾಗಿ ಪಂಜದ ಗುರುತು ಮೂಡಿತ್ತು, ಮತ್ತು ಕೆಂಚ ತನ್ನ ಜಾಗಕ್ಕೆ ಮರಳಿ ನಾಲಗೆ ಇಳಿಬಿಟ್ಟು ಕಾಯುತ್ತ ಕೂತಿತ್ತು. ಹೇಳಿದ ಕೆಲಸವನ್ನು ಅದು ಸರಿಯಾಗಿಯೇ ಮಾಡಿತ್ತು. ಅತ್ತೆ ಒಂದು ಮಾತೂ ಬೈಯಲಿಲ್ಲ, ಗುರುತು ಬಿದ್ದವನ್ನು ಬೇರೆ ಮಾಡಿ ಸುಟ್ಟು ಅದಕ್ಕೇ ಹಾಕಿದರು.

ಇವುಗಳಲ್ಲಿ ನಾನು ಮರೆಯಲಾರದ್ದು ಮುಳ್ಳುಹಂದಿಯ ರಾತ್ರಿ. ತೋಟದ ತೆಂಗಿನ ಸಸಿಗಳ ಬುಡ ಕೆರೆಯಲು ಮುಳ್ಳುಹಂದಿ ಬರುವುದು ನಮ್ಮ ಕಡೆ ಹೊಸದಲ್ಲ. ಅದು ಮುಳ್ಳನ್ನು ಬಾಣದಂತೆ ಎಸೆಯುತ್ತದೆಂದು ಜನ ಹೇಳುತ್ತಾರಲ್ಲ, ಅದು ನಿಜವಲ್ಲ; ಹಿಂದು ಹಿಂದಕ್ಕೆ ನುಗ್ಗಿ ಎದುರಾಳಿಯ ಮೈಗೆ ಮುಳ್ಳನ್ನು ಚುಚ್ಚಿ ಬಿಟ್ಟುಹೋಗುತ್ತದೆ. ಆ ರಾತ್ರಿ ಹನ್ನೊಂದರ ಹೊತ್ತಿಗೆ ಕೆಂಚ ಬೊಗಳುತ್ತ ತೋಟಕ್ಕೆ ಇಳಿದದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ಬೊಗಳುವುದು ನಿಂತಿತು. ಬ್ಯಾಟರಿ ಹಿಡಿದು ನಮ್ಮವರು ಹಿತ್ತಿಲಿಗೆ ಹೋದರೆ, ಅದು ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನಿಂತಿತ್ತು. ಕಪ್ಪು ಬಿಳಿ ಪಟ್ಟೆಯ ಮೂರು ಮುಳ್ಳುಗಳು: ಒಂದು ಮೇಲ್ದುಟಿಯಲ್ಲಿ, ಒಂದು ಭುಜದಲ್ಲಿ, ಮೂರನೆಯದು ಎಡಗಣ್ಣಿನಿಂದ ಒಂದು ಬೆರಳಿನಷ್ಟು ಕೆಳಗೆ. ಪಶುವೈದ್ಯರಿಗೆ ಫೋನು ಮಾಡಿದೆವು. ಅವರು ಇದ್ದ ಊರು ನಲವತ್ತು ಕಿಲೋಮೀಟರು ದೂರ, ಜೋರು ಮಳೆ. ಕಣ್ಣಿನ ಹತ್ತಿರದ್ದನ್ನು ಮುಟ್ಟಬೇಡಿ, ಬೆಳಿಗ್ಗೆ ಬಂದು ಅರಿವಳಿಕೆ ಕೊಟ್ಟು ನಾನೇ ತೆಗೆಯುತ್ತೇನೆ, ಉಳಿದೆರಡನ್ನು ಸಾಧ್ಯವಾದರೆ ತೆಗೆಯಿರಿ, ಕತ್ತರಿಸಬೇಡಿ, ಚರ್ಮದ ಹತ್ತಿರ ಇಕ್ಕಳದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಎಷ್ಟೇ ಸಾಧುವಾದ ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ, ಹುಷಾರು, ಎಂದು ಅವರು ನಿಧಾನವಾಗಿ ಹೇಳಿಕೊಟ್ಟರು.

ನಮ್ಮವರು ಭುಜದ ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆದರು. ತುಟಿಯದ್ದಕ್ಕೆ ಮೂತಿ ಕಟ್ಟುವಂತಿರಲಿಲ್ಲ. ನಾನು ಅದರ ಕುತ್ತಿಗೆಯನ್ನು ತೋಳಿನಲ್ಲಿ ಬಳಸಿ ಹಿಡಿದುಕೊಂಡೆ. ಮೈ ನಡುಗುತ್ತಿತ್ತು, ಎದೆಯ ಬಡಿತ ನನ್ನ ಮೊಣಕೈಗೆ ತಾಗುತ್ತಿತ್ತು. ಇಕ್ಕಳ ಮುಳ್ಳನ್ನು ಕಚ್ಚಿದಾಗ ಕೆಂಚ ಬಾಯಿ ತೆರೆದು ನನ್ನ ಮಣಿಕಟ್ಟನ್ನು ಹಲ್ಲುಗಳ ನಡುವೆ ಹಿಡಿಯಿತು. ಹಿಡಿಯಿತು ಅಷ್ಟೆ, ಒತ್ತಲಿಲ್ಲ. ಮುಳ್ಳು ಹೊರಬರುವ ತನಕ ಹಾಗೆಯೇ ಹಿಡಿದುಕೊಂಡಿತ್ತು, ಬಂದ ಮೇಲೆ ಬಿಟ್ಟು, ಹಲ್ಲು ತಾಗಿದ ಜಾಗವನ್ನು ನೆಕ್ಕಿತು. ಚರ್ಮದ ಮೇಲೆ ನಾಲ್ಕು ಸಣ್ಣ ಗುಳಿಗಳಿದ್ದವು, ರಕ್ತ ಬಂದಿರಲಿಲ್ಲ. ಬೆಳಿಗ್ಗೆ ವೈದ್ಯರು ಬಂದು ಮೂರನೆಯದನ್ನು ತೆಗೆದರು, ಕಣ್ಣು ಉಳಿಯಿತು.

ಪ್ರೀತಿಯ ಮಾತಿನ ನಡುವೆ ಒಂದು ಎಚ್ಚರದ ಮಾತನ್ನು ನಾನು ಬಿಡಲಾರೆ. ಆ ರಾತ್ರಿ ರಕ್ತ ಬರದಿದ್ದರೂ ನಾನು ಕೈಯನ್ನು ಸೋಪು ಹಚ್ಚಿ ತೊಳೆದು, ಮರುದಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದೆ. ಕೆಂಚನಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಚುಚ್ಚುಮದ್ದು ಹಾಕಿಸಿದ್ದೆವು, ಆಮೇಲೆ ಒಂದು ವರ್ಷವೂ ತಪ್ಪಿಸಿಲ್ಲ. ಹಾಗಿದ್ದರೂ ಹಲ್ಲಾಗಲಿ ಉಗುರಾಗಲಿ ತಾಗಿ ಚರ್ಮ ಗೀರಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಅದನ್ನು ಇವತ್ತಿಗೇ ಬಿಡಬೇಕು. ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಲೂಯಿ ಪಾಶ್ಚರ್ ಮೊದಲು ಲಸಿಕೆ ಕೊಟ್ಟದ್ದು 1885ರಲ್ಲಿ. ಅವರು ತೀರಿಕೊಂಡ ಸೆಪ್ಟೆಂಬರ್ 28ನ್ನು ಈಗ ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ, ಅದಕ್ಕೆ ಮೊದಲು ತಡೆಯುವುದು ಪೂರ್ತಿ ನಮ್ಮ ಕೈಯಲ್ಲಿದೆ. ನಾಯಿಯ ಮೇಲಿನ ಅಕ್ಕರೆ ಮತ್ತು ಈ ಎಚ್ಚರ, ಎರಡನ್ನೂ ನಾನು ಒಂದೇ ಎಂದು ತಿಳಿಯುತ್ತೇನೆ.

ಉಣುಗಿನ ವಿಚಾರವೂ ಹಾಗೆಯೇ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ ಕ್ಯಾಸನೂರು ಕಾಡು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ, ಆ ಕಾಯಿಲೆ ಹರಡುವುದು ಕಾಡಿನ ಉಣುಗುಗಳಿಂದ. ಹಾಗಾಗಿ ದರಗು ಉದುರುವ ಚಳಿಗಾಲದಿಂದ ಮಳೆ ಹಿಡಿಯುವ ತನಕ ಕೆಂಚನನ್ನು ಬೆಟ್ಟಕ್ಕೆ ಹೋಗಲು ನಾವು ಬಿಡುವುದಿಲ್ಲ. ನಾಯಿಗೆ ಉಣುಗಿನಿಂದ ಅದರದ್ದೇ ಆದ ಜ್ವರವೂ ಬರುತ್ತದೆ. ಕೆಂಚನಿಗೆ ಒಮ್ಮೆ ಬಂದಿತ್ತು, ಎರಡು ದಿನ ತಟ್ಟೆಯ ಹತ್ತಿರವೇ ಸುಳಿಯಲಿಲ್ಲ. ಮೂಗು ಒಣಗಿದೆಯೋ ಇಲ್ಲವೋ ಎಂದು ನೋಡಿ ಜ್ವರ ಹೇಳಲಾಗದು. ನಾಯಿಯ ಮೈಬಿಸಿ ನಮಗಿಂತ ಹೆಚ್ಚು, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಊಟ ಬಿಟ್ಟಿತೆಂದರೆ ಥರ್ಮಾಮೀಟರು ಇಟ್ಟು ನೋಡಿಯೇ ತಿಳಿಯಬೇಕು.

ಆ ಜ್ವರದ ನಂತರ ನಮ್ಮ ಸಂಜೆಗಳಿಗೆ ಒಂದು ಹೊಸ ಕೆಲಸ ಬಂತು. ದೀಪ ಹಚ್ಚುವ ಮುಂಚೆ, ಬೆಳಕು ಇನ್ನೂ ಇರುವಾಗ, ನಾನು ಜಗುಲಿಯ ಮೆಟ್ಟಿಲ ಮೇಲೆ ಕೂರುತ್ತೇನೆ. ಪಕ್ಕದಲ್ಲಿ ಸೀಮೆಎಣ್ಣೆ ಹಾಕಿದ ಕರಟ. ಕೆಂಚ ಬಂದು ಮೊದಲು ಎಡಮಗ್ಗುಲಾಗಿ ಮಲಗುತ್ತದೆ. ಕಿವಿಯ ಒಳಮಡಿಕೆ, ಕುತ್ತಿಗೆಯ ಸಡಿಲ ಚರ್ಮ, ಕಾಲ್ಬೆರಳುಗಳ ಸಂದು, ಬಾಲದ ಬುಡ, ಹೀಗೆ ಕ್ರಮವಾಗಿ ಬೆರಳಾಡಿಸಿ, ಸಿಕ್ಕಿದ ಉಣುಗನ್ನು ಚಿಮಟದಲ್ಲಿ ಬುಡಕ್ಕೆ ಹಿಡಿದು ತೆಗೆದು ಕರಟಕ್ಕೆ ಹಾಕಬೇಕು, ಉಗುರಿನಲ್ಲಿ ಹಿಸುಕಕೂಡದು. ಮಳೆಗಾಲದಲ್ಲಿ ಬೆರಳ ಸಂದಿಯಲ್ಲಿ ಉಂಬಳಗಳು ಸಿಗುತ್ತವೆ, ಅವಕ್ಕೆ ಉಪ್ಪು. ಒಂದು ಮಗ್ಗುಲು ಮುಗಿದಾಗ ನಾನು ಏನೂ ಹೇಳಬೇಕಾಗಿಲ್ಲ, ಅದೇ ಎದ್ದು ತಿರುಗಿ ಮಲಗುತ್ತದೆ. ಕಿವಿಯ ಹಿಂಭಾಗದ ರೋಮ ರೇಷ್ಮೆಯಂತೆ ನುಣುಪು, ಬೆರಳ ಸಂದಿನಲ್ಲಿ ಹುರಿದ ಅವಲಿನ ಹಾಗೊಂದು ವಾಸನೆ. ಎದುರಿಗೆ ಅಡಿಕೆ ಮರಗಳ ತಲೆಯ ಮೇಲೆ ಬಿಸಿಲು ಸರಿಯುತ್ತ ಹೋಗುತ್ತದೆ. ಆ ಅರ್ಧ ಗಂಟೆ ನನಗೆ ಯಾರೂ ಫೋನು ಮಾಡುವುದು ಬೇಡವೆನಿಸುತ್ತದೆ.

ಹೊಸ್ತಿಲಿನ ಮಾತು ಹೇಳಿ ಮುಗಿಸುತ್ತೇನೆ. ಅತ್ತೆ ಮೊದಲ ದಿನ ಹಾಕಿದ ಕಟ್ಟಳೆಯನ್ನು ಕೆಂಚ ಒಂದೇ ತಿಂಗಳಲ್ಲಿ ಕಲಿತಿತ್ತು. ಆದರೆ ನಾವೆಲ್ಲ ನಡುಮನೆಯಲ್ಲಿ ಕೂತಿರುವಾಗ ಹೊರಗೆ ಒಂಟಿಯಾಗಿರಲು ಅದಕ್ಕೆ ಆಗದು. ಅದು ಕಂಡುಕೊಂಡ ದಾರಿ ಇದು: ಮೈಯನ್ನೆಲ್ಲ ಹೊರಗೆ ಜಗುಲಿಯಲ್ಲಿ ಬಿಟ್ಟು, ಗದ್ದವನ್ನು ಮಾತ್ರ ಹೊಸ್ತಿಲ ಮರದ ಮೇಲೆ ಊರಿ ಮಲಗುವುದು. ಮೂಗಿನ ತುದಿ ಒಳಗಿರುತ್ತದೆ, ಪಂಜ ಒಳಗಿರುವುದಿಲ್ಲ. ಪೂಜೆಯ ದಿನ ಆ ಮರಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರೆ ಸಂಜೆಯ ಹೊತ್ತಿಗೆ ಅದರ ಗದ್ದದ ಕೆಳಗೂ ಹಳದಿ ಬಣ್ಣವಿರುತ್ತದೆ. ಅತ್ತೆ ಇದನ್ನು ನೋಡಿಯೂ ಏನೂ ಅನ್ನಲಿಲ್ಲ.

ಕಳೆದ ಮಳೆಗಾಲ ಕೆಂಚನಿಗೆ ಕಷ್ಟದ್ದಾಯಿತು. ಹಿಂಗಾಲುಗಳು ಸೋತಿವೆ, ಬಚ್ಚಲ ಮೆಟ್ಟಿಲು ಹತ್ತಲಾಗುವುದಿಲ್ಲ, ಕಿವಿಯೂ ಮಂದವಾಗಿದೆ. ಗಾಳಿ ಬೀಸಿದರೆ ಜಗುಲಿಗೆಲ್ಲ ಇರಚಲು ಹೊಡೆಯುತ್ತದೆ. ಆಷಾಢದ ಒಂದು ರಾತ್ರಿ, ಈಗ 86 ವರ್ಷದವರಾದ ಅತ್ತೆ ಮಂಚದ ಮೇಲಿಂದಲೇ ಕೂಗಿ ಹೇಳಿದರು: "ಪಾಪ, ಅದನ್ನ ಒಳಗೆ ಕರ್ಕೊಳ್ಳೇ. ನಡುಮನೆ ಮೂಲೇಲಿ ಗೋಣಿ ಹಾಸು." ನಾನು ಗೋಣಿ ಹಾಸಿದೆ. ಕರೆದೆ. ಬೆಲ್ಲದ ಚೂರು ತೋರಿಸಿದೆ. ನಮ್ಮವರು ಎತ್ತಿಕೊಂಡು ತಂದು ಒಳಗೇ ಬಿಟ್ಟರು. ಕೆಂಚ ತಡವರಿಸುತ್ತ ಎದ್ದು, ಹೊಸ್ತಿಲು ದಾಟಿ ಹೊರಗೆ ಹೋಗಿ, ಇರಚಲಲ್ಲಿ ಒದ್ದೆಯಾದ ಜಾಗದಲ್ಲೇ ತಿರುಗಿ ಮಲಗಿ, ಗದ್ದವನ್ನು ಮರದ ಮೇಲೆ ಇಟ್ಟುಕೊಂಡಿತು.

ಮರುದಿನ ನಾವು ಜಗುಲಿಯ ಆ ಬದಿಗೆ ಸೋಗೆಯ ತಟ್ಟಿ ಕಟ್ಟಿ, ಕೆಳಗೆ ಹಲಗೆ ಹಾಕಿ, ಅದರ ಮೇಲೆ ಗೋಣಿ ಹಾಸಿದೆವು. ಅತ್ತೆ ತಮ್ಮ ಮಂಚವನ್ನು ಕೋಣೆಯಿಂದ ನಡುಮನೆಗೆ, ಬಾಗಿಲಿನ ಪಕ್ಕಕ್ಕೆ ಹಾಕಿಸಿಕೊಂಡರು. ಕೇಳಿದ್ದಕ್ಕೆ, ಇಲ್ಲಿ ಗಾಳಿ ಚೆನ್ನಾಗಿದೆ ಎಂದರು. ಇವತ್ತು ಮಧ್ಯಾಹ್ನ ನಾನು ಈ ಸಭೆಗೆ ಬರುವ ಗಡಿಬಿಡಿಯಲ್ಲಿ ಅವರಿಗೆ ಬೇಗನೆ ಬಡಿಸಿದೆ. ಅವರು ಮಂಚದಿಂದ ಕೈ ಇಳಿಬಿಟ್ಟು ಹೊಸ್ತಿಲ ಮೇಲಿದ್ದ ಆ ತಲೆಯನ್ನು ಸವರುತ್ತಿದ್ದರು. ಬಾಳೆಯ ಮುಂದೆ ಕೂರಿಸಿ ಕೈಗೆ ನೀರು ಹಾಕುವಾಗ, ದಿನಾಲೂ ಕೇಳುವ ಮಾತನ್ನು ಕೇಳಿದರು.

"ಹಾಕಿದೆ ಅತ್ತೆ, ಮೆತ್ತಗೆ ಕಲಸಿ ಹಾಕಿದೆ" ಎಂದೆ.